ಬೋರ್ಡ್ ಬಿದ್ದಿದೆ, ಹಂಪ್ ಕಾಣುತ್ತಿಲ್ಲ: ಮಂಗಳೂರಿನಲ್ಲಿ ರಸ್ತೆ ದೂರು ಬರೆಯುವ ಕ್ರಮ

ಲಾಲ್‌ಬಾಗಿನ ಪಾಲಿಕೆ ಕಚೇರಿಗೆ ನಡೆದುಕೊಂಡೇ ಹೋಗಬಹುದಾದಷ್ಟು ಹತ್ತಿರ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ ಉಂಟು. ಖಾತೆ, ತೆರಿಗೆ, ಲೈಸೆನ್ಸ್ ಅರ್ಜಿಗಳ ನಡುವೆ ರಸ್ತೆಯ ಅರ್ಜಿಗಳೂ ಬರುತ್ತವೆ. “ಅಕ್ಕಾ, ನಮ್ಮ ಶಾಲೆ ಹತ್ತಿರ ಒಂದು ಹಂಪ್ ಬೇಕು, ಟೈಪ್ ಮಾಡಿ ಕೊಡಿ” ಅಂತ ಕೇಳುವವರೇ ಜಾಸ್ತಿ. ಕೆಲವರು ಒಂದೇ ವಿಷಯಕ್ಕೆ ಮತ್ತೆ ಮತ್ತೆ ಬರುತ್ತಾರೆ. ಕೆಲವರು ಒಂದು ಸಲ ಬಂದು ಹೋದವರು, ಮುಂದಿನ ಸಲ ಸಿಕ್ಕಾಗ “ಆಯ್ತು ಅಕ್ಕ, ಬೋರ್ಡ್ ಹಾಕಿದ್ರು” ಅನ್ನುತ್ತಾರೆ. ಕೆಲಸ ಆದ ಅರ್ಜಿಗಳನ್ನು ನೋಡಿದರೆ ಎರಡು ಸಂಗತಿ ಎದ್ದು ಕಾಣುತ್ತವೆ. ಆ ರಸ್ತೆ ಯಾರದ್ದು ಅಂತ ತಿಳಿದು ಬರೆದಿರುತ್ತಾರೆ. ಜಾಗ ಯಾವುದು ಅಂತ ಬಿಡಿಸಿ ಹೇಳಿರುತ್ತಾರೆ. ಮಿಕ್ಕಿದ್ದೆಲ್ಲ ಆಮೇಲಿನ ಮಾತು.

ಮೊದಲು, ರಸ್ತೆ ಯಾರದ್ದು?

ಊರೊಳಗಿನ ರಸ್ತೆಗಳೆಲ್ಲ ಪಾಲಿಕೆಯದ್ದೇ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಿಲ್ಲ. ತಲಪಾಡಿಯಿಂದ ಬಂದು ಪಂಪ್‌ವೆಲ್, ನಂತೂರು, ಕೆಪಿಟಿ, ಕುಂಟಿಕಾನ, ಕೊಟ್ಟಾರ ಚೌಕಿ, ಕೂಳೂರು, ಪಣಂಬೂರು, ಸುರತ್ಕಲ್ ದಾಟಿ ಉಡುಪಿ ಕಡೆ ಹೋಗುವುದು ರಾಷ್ಟ್ರೀಯ ಹೆದ್ದಾರಿ 66. ನಂತೂರಿನಿಂದ ಬಿಕರ್ನಕಟ್ಟೆ, ಕುಲಶೇಖರದ ಮೇಲೆ ಮೂಡುಬಿದಿರೆಗೆ ಹೋಗುವುದು ಹೆದ್ದಾರಿ 169. ಪಡೀಲಿನ ಮೇಲೆ ಬಿ.ಸಿ. ರೋಡಿಗೆ ಹೋಗುವುದೂ ಹೆದ್ದಾರಿಯೇ. ಇವುಗಳ ಮೇಲ್ಸೇತುವೆ, ಅಂಡರ್‌ಪಾಸ್, ಡಿವೈಡರ್, ಸರ್ವಿಸ್ ರಸ್ತೆಯ ಬೋರ್ಡ್‌ಗಳ ಬಗ್ಗೆ ಪಾಲಿಕೆಗೆ ಅರ್ಜಿ ಕೊಟ್ಟರೆ “ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ” ಅಂತ ಒಂದು ಸಾಲಿನ ಉತ್ತರ ಬರುತ್ತದೆ, ಅಷ್ಟೇ. ಅದಕ್ಕೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವನ್ನೇ ಹಿಡಿಯಬೇಕು. 1033 ಅವರ ಸಹಾಯವಾಣಿ, ಉಚಿತ ಕರೆ. ‘ರಾಜಮಾರ್ಗಯಾತ್ರಾ’ ಅಂತ ಅವರ ಆ್ಯಪ್ ಉಂಟು, ಅದರಲ್ಲಿ ಫೋಟೋ ಹಾಕಿ ದೂರು ಕೊಡಬಹುದು. ಎಲ್ಲ ರಾಷ್ಟ್ರೀಯ ಹೆದ್ದಾರಿಯನ್ನೂ ಪ್ರಾಧಿಕಾರವೇ ನೋಡಿಕೊಳ್ಳುವುದಿಲ್ಲ, ಕೆಲವನ್ನು ಲೋಕೋಪಯೋಗಿ ಇಲಾಖೆಯ ಹೆದ್ದಾರಿ ವಿಭಾಗ ನೋಡುತ್ತದೆ.

ನೇತ್ರಾವತಿ ಸೇತುವೆ ದಾಟಿದರೆ ಪಾಲಿಕೆ ಮುಗಿಯಿತು. ತೊಕ್ಕೊಟ್ಟು, ಉಳ್ಳಾಲದ ಒಳರಸ್ತೆಗಳು ಉಳ್ಳಾಲ ನಗರಸಭೆಯವು. ಆದರೆ ಪೊಲೀಸ್ ಮಾತ್ರ ಎರಡೂ ದಡಕ್ಕೆ ಒಂದೇ, ಮಂಗಳೂರು ನಗರ ಪೊಲೀಸ್ ಕಮಿಷನರೇಟ್. ಉಡುಪಿಯವರು ಇದನ್ನು ಓದುತ್ತಿದ್ದರೆ ನಿಮ್ಮ ಕಡೆಯೂ ಇದೇ ಕಥೆ. ಉಡುಪಿಯಿಂದ ಮಣಿಪಾಲಕ್ಕೆ ಹತ್ತುವ ದೊಡ್ಡ ರಸ್ತೆ ರಾಷ್ಟ್ರೀಯ ಹೆದ್ದಾರಿ 169ಎ. ಅದಕ್ಕೆ ತಾಗಿದ ಒಳರಸ್ತೆ ನಗರಸಭೆಯದ್ದು.

ಗೊತ್ತಾಗದಿದ್ದರೆ ಸುಲಭ ದಾರಿ, ಆ ರಸ್ತೆಯಲ್ಲಿ ಯಾವಾಗಲಾದರೂ ಕೆಲಸ ಆದಾಗ ನಿಲ್ಲಿಸಿದ ಕಾಮಗಾರಿ ಫಲಕ ಉಳಿದಿದೆಯಾ ನೋಡುವುದು. ಇಲಾಖೆಯ ಹೆಸರು, ಗುತ್ತಿಗೆದಾರರ ಹೆಸರು ಅದರಲ್ಲಿ ಬರೆದಿರುತ್ತದೆ. ಇಲ್ಲದಿದ್ದರೆ ವಾರ್ಡಿನ ಜೂನಿಯರ್ ಇಂಜಿನಿಯರಿಗೆ ಫೋನ್ ಮಾಡಿ ಕೇಳಿ. ರಸ್ತೆ ಯಾರದ್ದು ಅನ್ನುವ ಪ್ರಶ್ನೆಗೆ ಅವರು ಬೇಸರ ಪಡುವುದಿಲ್ಲ, ಮಾಡಿಕೊಡಿ ಅಂದಾಗ ಮಾತ್ರ ಸ್ವಲ್ಪ.

ಊರಿನ ರಸ್ತೆ ಹೆದ್ದಾರಿಗೆ ಸೇರುವ ಬಾಯಲ್ಲಿ ತೊಂದರೆ ಇದ್ದರೆ ಇಬ್ಬರ ಹೆಸರಿಗೂ ಬರೆಯಿರಿ. ಒಂದೇ ಅರ್ಜಿ, ಮೇಲೆ ಇಬ್ಬರ ವಿಳಾಸ. ಬೇರೆ ಬೇರೆ ಬರೆದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಒಟ್ಟಿಗೆ ಬರೆದರೆ ಇನ್ನೊಬ್ಬರಿಗೂ ಹೋಗಿದೆ ಅಂತ ಇಬ್ಬರಿಗೂ ಗೊತ್ತಿರುತ್ತದೆ.

ಇನ್ನು ಸಿಗ್ನಲ್ ಸಮಯ, ಒನ್‌ವೇ, ನೋ ಪಾರ್ಕಿಂಗ್, ತಿರುವಿನಲ್ಲೇ ನಿಲ್ಲಿಸುವ ಬಸ್ಸು ಇವೆಲ್ಲ ಸಂಚಾರ ಪೊಲೀಸರ ವಿಷಯ. ಮಂಗಳೂರಿನಲ್ಲಿ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಅಂತ ನಾಲ್ಕು ಸಂಚಾರ ಠಾಣೆಗಳಿವೆ. ಕಂಬ ನೆಡುವುದು, ಬಣ್ಣ ಹೊಡೆಯುವುದು ಪಾಲಿಕೆ. ಇಲ್ಲಿ ನಿಲ್ಲಿಸಬಾರದು ಅಂತ ತೀರ್ಮಾನ ಮಾಡುವುದು ಪೊಲೀಸ್. ಹೊಸ ‘ನೋ ಎಂಟ್ರಿ’ ಬೋರ್ಡ್ ಬೇಕು ಅಂತ ಪಾಲಿಕೆಗೆ ಮಾತ್ರ ಬರೆದರೆ ಅದು ಅಲ್ಲೇ ಕೂತುಕೊಳ್ಳುತ್ತದೆ. ಇದ್ದ ಬೋರ್ಡ್ ಬಿದ್ದಿದೆ ಅಂತಾದರೆ ಪಾಲಿಕೆ ಸಾಕು.

ಬರೆಯುತ್ತಾ ಕೂರಬಾರದ ವಿಷಯಗಳೂ ಉಂಟು. ಬಾಯಿ ತೆರೆದ ಮ್ಯಾನ್‌ಹೋಲ್, ರಸ್ತೆಗೆ ಬಿದ್ದ ಮರ, ಜಂಕ್ಷನ್ನಿನಲ್ಲಿ ಕೆಟ್ಟ ಸಿಗ್ನಲ್. ಇದಕ್ಕೆ 112 ಒತ್ತಿ. ತಂತಿ ತುಂಡಾಗಿ ಬಿದ್ದಿದ್ದರೆ ಮೆಸ್ಕಾಂ 1912. ಅರ್ಜಿ ನಾಳೆ ಆಗಬಹುದು.

ಜಾಗ ಹೇಳುವುದು

ಅರ್ಧ ಅರ್ಜಿಗಳು ಸೋಲುವುದು ಇಲ್ಲಿ. “ಕದ್ರಿ ರಸ್ತೆಯಲ್ಲಿ ಬೋರ್ಡ್ ಕಾಣುತ್ತಿಲ್ಲ” ಅಂತ ಬರೆಯುತ್ತಾರೆ. ಕದ್ರಿಯಲ್ಲಿ ರಸ್ತೆ ಎಷ್ಟು, ಬೋರ್ಡ್ ಎಷ್ಟು? ಅರ್ಜಿ ಓದುವವರು ಬೇರೆ ಊರಿನಿಂದ ವರ್ಗವಾಗಿ ಬಂದವರೂ ಆಗಿರಬಹುದು. ಅವರಿಗೆ ನಿಮ್ಮ ‘ದೊಡ್ಡ ಹಲಸಿನ ಮರದ ಹತ್ತಿರ’ ಅಂದರೆ ಏನೂ ಆಗುವುದಿಲ್ಲ. ನಿಮ್ಮ ಗುರುತೇ ಇಲ್ಲದ ಒಬ್ಬ ಕೆಲಸದವನು ಆ ಕಾಗದ ಹಿಡಿದುಕೊಂಡು ಬಂದು, ಯಾರನ್ನೂ ಕೇಳದೆ ಆ ಕಂಬದ ಬುಡದಲ್ಲಿ ನಿಲ್ಲುವ ಹಾಗೆ ಬರೆಯಬೇಕು.

ಹೇಗೆ ಅಂದರೆ, ಮೊದಲು ದಿಕ್ಕು ಹೇಳಿ. ಯಾವ ಕಡೆಯಿಂದ ಯಾವ ಕಡೆಗೆ ಹೋಗುವಾಗ, ಎಡಬದಿಯಾ ಬಲಬದಿಯಾ. ಆಮೇಲೆ ಬೇಗ ಬದಲಾಗದ ಗುರುತು: ಚರ್ಚ್, ದೈವಸ್ಥಾನದ ದ್ವಾರ, ಮಸೀದಿ, ಶಾಲೆಯ ಗೇಟು, ಬಸ್ ತಂಗುದಾಣ. ಅಂಗಡಿಯ ಹೆಸರನ್ನು ಆದಷ್ಟು ಬಿಡಿ, ಇವತ್ತು ಮೊಬೈಲ್ ಅಂಗಡಿ, ನಾಳೆ ಜ್ಯೂಸ್ ಸೆಂಟರ್. ಹತ್ತಿರದ ವಿದ್ಯುತ್ ಕಂಬದ ಮೇಲೆ ನಂಬರ್ ಬರೆದಿದ್ದರೆ ಅದನ್ನು ಹಾಕಿ. ಹೆದ್ದಾರಿಯಾದರೆ ಕಿಲೋಮೀಟರ್ ಕಲ್ಲಿನ ಸಂಖ್ಯೆ.

ಕೊನೆಗೆ ಗೂಗಲ್ ಮ್ಯಾಪ್ಸ್. ಜಾಗದಲ್ಲೇ ನಿಂತು ನಕ್ಷೆಯ ಮೇಲೆ ಬೆರಳು ಒತ್ತಿ ಹಿಡಿದರೆ ಎರಡು ಉದ್ದದ ಸಂಖ್ಯೆ ಬರುತ್ತದೆ. ನಮ್ಮ ಊರಿನದ್ದಾದರೆ ಮೊದಲನೆಯದು 12 ಅಥವಾ 13ರಿಂದ, ಎರಡನೆಯದು 74ರಿಂದ ಶುರುವಾಗುತ್ತದೆ. ಚುಕ್ಕಿಯ ನಂತರದ ಅಂಕೆಗಳನ್ನೂ ಬಿಡದೆ ಬರೆಯಿರಿ. ಲಿಂಕ್ ಪ್ರಿಂಟ್ ಹಾಕಿ ಕೊಡಿ ಅಂತ ಬರುವವರುಂಟು. ಕಾಗದದ ಮೇಲಿನ ಲಿಂಕನ್ನು ಯಾರು ಒತ್ತುತ್ತಾರೆ ಮಾರಾಯ್ರೆ?

ಫೋಟೋ

ಎರಡು ಫೋಟೋ ಬೇಕು. ಒಂದು ಹತ್ತಿರದಿಂದ. ಇನ್ನೊಂದು ದೂರದಿಂದ, ಗಾಡಿ ಓಡಿಸುವವನ ಕಣ್ಣಿನ ಎತ್ತರದಲ್ಲಿ, ಅವನು ಬರುವ ದಿಕ್ಕಿನಿಂದಲೇ. ಎರಡನೆಯದನ್ನು ಜನ ತೆಗೆಯುವುದೇ ಇಲ್ಲ. ಬೋರ್ಡ್ ಮುಂದೆ ನಿಂತು ತೆಗೆದರೆ ಬೋರ್ಡ್ ಚೆನ್ನಾಗಿಯೇ ಕಾಣುತ್ತದೆ! ತೊಂದರೆ ಇರುವುದು ಬಸ್ಸಿನ ಡ್ರೈವರಿಗೆ, ತಿರುವಿನ ಆಚೆಯಿಂದ.

ರಾತ್ರಿಯದ್ದು ಇನ್ನೊಂದು ತೆಗೆಯಿರಿ. ಬೋರ್ಡಿನ ಮೇಲೆ ಬೆಳಕನ್ನು ಹಿಂದಕ್ಕೆ ಎಸೆಯುವ ಹಾಳೆ ಅಂಟಿಸಿರುತ್ತಾರೆ. ಬಿಸಿಲು, ಮಳೆಗೆ ಅದು ಸತ್ತು ಹೋಗುತ್ತದೆ. ಹಗಲಲ್ಲಿ ನೋಡಿದರೆ ಗೊತ್ತಾಗುವುದಿಲ್ಲ, ಬಣ್ಣ ಹಾಗೇ ಇರುತ್ತದೆ. ರಾತ್ರಿ ಇಪ್ಪತ್ತು ಮೂವತ್ತು ಹೆಜ್ಜೆ ದೂರ ನಿಂತು ಫ್ಲ್ಯಾಶ್ ಹಾಕಿ ತೆಗೆಯಿರಿ. ಹಾಳೆ ಸರಿ ಇದ್ದರೆ ಬೋರ್ಡ್ ಫಳಕ್ಕನೆ ಹೊಳೆಯುತ್ತದೆ, ಇಲ್ಲದಿದ್ದರೆ ಕಪ್ಪಗೆ ಕಾಣುತ್ತದೆ. ಹಗಲಿನದ್ದು, ರಾತ್ರಿಯದ್ದು ಪಕ್ಕಪಕ್ಕ ಪ್ರಿಂಟ್ ಹಾಕಿದರೆ ಮತ್ತೆ ಮಾತು ಬೇಡ. ಕಲರ್ ಪ್ರಿಂಟಿಗೆ ನಾಲ್ಕು ಕಾಸು ಜಾಸ್ತಿ ಆಗುತ್ತದೆ. ಇದು ನನ್ನ ವ್ಯಾಪಾರದ ಮಾತು ಅಂತ ತಿಳಿಯಬೇಡಿ, ಕಪ್ಪುಬಿಳುಪು ಜೆರಾಕ್ಸಿನಲ್ಲಿ ಕೆಂಪು ತ್ರಿಕೋನ ಯಾವುದು, ಎಲೆ ಯಾವುದು ಅಂತ ನಿಜವಾಗಿ ಗೊತ್ತಾಗುವುದಿಲ್ಲ.

ಫ್ಲೆಕ್ಸಿನಿಂದ ಬೋರ್ಡ್ ಮುಚ್ಚಿದ್ದರೆ ಅರ್ಜಿಗೆ ಮೊದಲು ಒಂದು ಕೆಲಸ ಮಾಡಿ. ಬ್ರಹ್ಮಕಲಶೋತ್ಸವದ್ದೋ, ಕಂಬಳದ್ದೋ, ಯಕ್ಷಗಾನದ್ದೋ, ಫ್ಲೆಕ್ಸಿನಲ್ಲಿ ಸಂಘಟಕರ ಫೋನ್ ನಂಬರ್ ಇದ್ದೇ ಇರುತ್ತದಲ್ವಾ? ಅದಕ್ಕೇ ಫೋನ್ ಮಾಡಿ, “ಅಣ್ಣ, ಕಾರ್ಯಕ್ರಮ ಚಂದ ಆಯ್ತು, ಆ ಸ್ಟಾಪ್ ಬೋರ್ಡ್ ಮೇಲಿನ ಫ್ಲೆಕ್ಸ್ ಒಂದು ಇಳಿಸಿ” ಅನ್ನಿ. ಹೆಚ್ಚಿನವರು ಅವತ್ತೇ ಹುಡುಗರನ್ನು ಕಳಿಸುತ್ತಾರೆ.

ಏನು ಕೇಳಬೇಕು

ಇಲ್ಲಿ ನನ್ನದೊಂದು ತಕರಾರು. ಎಲ್ಲದಕ್ಕೂ ಹಂಪ್ ಕೇಳುತ್ತಾರೆ. ಹಂಪ್ ಅಂದರೆ ಜೆಲ್ಲಿ ಟಾರು ಗುಡ್ಡೆ ಹಾಕುವುದಲ್ಲ. ರಸ್ತೆಗಳ ಮಾನದಂಡ ಬರೆಯುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದಲ್ಲಿ ಸಾಮಾನ್ಯ ಹಂಪ್ ಗಾಡಿ ಹೋಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ ಇರಬೇಕು, ನಡುವಿನಲ್ಲಿ 10 ಸೆಂಟಿಮೀಟರ್ ಎತ್ತರ. ಅದಕ್ಕೆ ಬಣ್ಣದ ಪಟ್ಟಿ ಬೇಕು, 40 ಮೀಟರ್ ಮೊದಲೇ ಎಚ್ಚರಿಕೆಯ ಬೋರ್ಡ್ ಬೇಕು. ಟೇಪ್ ಹಿಡಿದು ನಿಮ್ಮ ಬೀದಿಯ ಹಂಪ್ ಅಳೆದು ನೋಡಿ, ನಿಮಗೇ ನಗು ಬರುತ್ತದೆ. ಅಡ್ಡಾದಿಡ್ಡಿ ಹಂಪಿನಿಂದ ಸೊಂಟ ಹಿಡಿದವರು, ಮಳೆಯಲ್ಲಿ ಕಾಣದೆ ಹಾರಿ ಬಿದ್ದ ಸ್ಕೂಟರಿನವರು ಅದೇ ಹಂಪ್ ತೆಗೆಸಲು ಅರ್ಜಿ ಟೈಪ್ ಮಾಡಿಸಲು ಬರುತ್ತಾರೆ. ಹೆದ್ದಾರಿಯಲ್ಲಿ ಹಂಪ್ ಕೇಳುವುದು ಸುಮ್ನೆ, ಅಲ್ಲಿ ಹಾಕುವ ಕ್ರಮ ಇಲ್ಲ.

ಹಾಗಾಗಿ ತೊಂದರೆ ಏನು ಅಂತ ವಿವರವಾಗಿ ಬರೆಯಿರಿ, ಪರಿಹಾರ ಒಂದೇ ಅಂತ ಹಟ ಹಿಡಿಯಬೇಡಿ. ಮಕ್ಕಳು ದಾಟುವ ಹೊತ್ತು, ಗಾಡಿ ವೇಗವಾಗಿ ಬರುವ ದಿಕ್ಕು, ಎಲ್ಲಿಂದ ಕಾಣುವುದಿಲ್ಲ ಎಂಬುದು, ಹಿಂದೆ ಬಿದ್ದ ಗಾಡಿಗಳು. ಕೊನೆಯದ್ದಕ್ಕೆ ಹತ್ತಿರದ ರಿಕ್ಷಾ ಪಾರ್ಕಿಗೆ ಹೋಗಿ. ಯಾವ ತಿರುವಿನಲ್ಲಿ, ಯಾವ ಹೊತ್ತಿಗೆ, ಯಾವ ಕಡೆಯಿಂದ ಬಂದವರು ಬೀಳುತ್ತಾರೆ ಅಂತ ರಿಕ್ಷಾದವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಬಿದ್ದವರನ್ನು ಎತ್ತಿ ಆಸ್ಪತ್ರೆಗೆ ಕೊಂಡುಹೋಗುವುದೂ ಅವರೇ.

ಜನ ದೂರು ಕೊಡಲು ಮರೆಯುವ ಒಂದು ಸಂಗತಿ ನಮ್ಮ ಊರಿನಲ್ಲಿ ವಿಶೇಷ. ಕಾಂಕ್ರೀಟ್ ರಸ್ತೆಯ ಅಂಚು. ರಸ್ತೆ ಕಾಂಕ್ರೀಟ್ ಆಗುತ್ತದೆ, ಬದಿಯ ಮಣ್ಣು ಮಳೆಗೆ ಕೊಚ್ಚಿ ಹೋಗುತ್ತದೆ, ಅಂಚಿನಲ್ಲಿ ಮೆಟ್ಟಿಲಿನ ಹಾಗೆ ಇಳಿತ ಉಳಿಯುತ್ತದೆ. ಎದುರಿನಿಂದ ಸಿಟಿ ಬಸ್ಸು ಬಂದಾಗ ಸ್ಕೂಟರಿನವರು ಬದಿಗೆ ಇಳಿಸುತ್ತಾರೆ. ಮತ್ತೆ ಮೇಲೆ ಹತ್ತಿಸುವಾಗ ಚಕ್ರ ಅಂಚಿಗೆ ಉಜ್ಜಿ ಮಗುಚುತ್ತದೆ. ಗುಂಡಿ ಆದರೆ ಎಲ್ಲರೂ ಫೋಟೋ ತೆಗೆಯುತ್ತಾರೆ, ಇದನ್ನು ಯಾರೂ ತೆಗೆಯುವುದಿಲ್ಲ. ಮಕ್ಕಳ ಅಡಿಪಟ್ಟಿಯನ್ನು ಅಂಚಿಗೆ ನಿಲ್ಲಿಸಿ ಫೋಟೋ ತೆಗೆಯಿರಿ. ಎಷ್ಟು ಸೆಂಟಿಮೀಟರ್ ಇಳಿತ, ಎಷ್ಟು ಉದ್ದಕ್ಕೆ ಅಂತ ಬರೆಯಿರಿ. ಬದಿಗೆ ಮಣ್ಣು ಅಥವಾ ಜೆಲ್ಲಿ ತುಂಬಿಸಿ, ಅಂಚಿಗೆ ಬಿಳಿ ಗೆರೆ ಎಳೆಸಿ ಅಂತ ಕೇಳಿ. ಚರಂಡಿಯ ಸ್ಲ್ಯಾಬ್ ಎದ್ದಿರುವುದನ್ನೂ ಹೀಗೇ ಅಳೆಯಬಹುದು.

ಕೊಂಬೆಯ ವಿಷಯದಲ್ಲಿ ಎಚ್ಚರಿಕೆ. ನೀವೇ ಕತ್ತಿ ಹಿಡಿದು ಹತ್ತಬೇಡಿ. ಹಲವು ಮರಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕಾಗುತ್ತದೆ, ತಂತಿ ತಾಗಿದ್ದರೆ ಮೆಸ್ಕಾಂನವರೇ ಬರಬೇಕು.

ಅರ್ಜಿ

ಒಂದು ಪುಟ ಸಾಕು. ಒಂದು ಅರ್ಜಿಯಲ್ಲಿ ಒಂದೇ ಜಾಗ. ನೀರು ಬರುವುದಿಲ್ಲ, ಕಸ ತೆಗೆಯುವುದಿಲ್ಲ, ಬೋರ್ಡ್ ಬಿದ್ದಿದೆ ಅಂತ ಎಲ್ಲ ಸೇರಿಸಿದರೆ ಅದು ಯಾರ ಮೇಜಿಗೂ ಸರಿಯಾಗಿ ಹೋಗುವುದಿಲ್ಲ. ನಾನು ಕೊಡುವ ನಮೂನೆ ಹೀಗಿರುತ್ತದೆ. ಇದರಲ್ಲಿನ ವಿವರ ಕಲ್ಪನೆಯದ್ದು, ನಿಮ್ಮದನ್ನು ತುಂಬಿಸಿಕೊಳ್ಳಿ.

ಗೆ,
ಮಾನ್ಯ ಆಯುಕ್ತರು,
ಮಂಗಳೂರು ಮಹಾನಗರ ಪಾಲಿಕೆ,
ಲಾಲ್‌ಬಾಗ್, ಮಂಗಳೂರು – 575003.

ವಿಷಯ: ಬಿಜೈ–ಕಾಪಿಕಾಡ್ ರಸ್ತೆಯಲ್ಲಿ ಶಾಲೆಯ ಎಚ್ಚರಿಕೆ ಫಲಕ ಕೊಂಬೆಯಿಂದ ಮುಚ್ಚಿರುವ ಬಗ್ಗೆ.

ಮಾನ್ಯರೇ,
ಬಿಜೈ ಕೆಎಸ್ಸಾರ್ಟಿಸಿ ಬಸ್ ನಿಲ್ದಾಣದಿಂದ ಕುಂಟಿಕಾನ ಕಡೆಗೆ ಹೋಗುವಾಗ ಎಡಬದಿಯಲ್ಲಿ, ವಿದ್ಯುತ್ ಕಂಬ ಸಂಖ್ಯೆ ……ರಿಂದ ಸುಮಾರು 10 ಹೆಜ್ಜೆ ಮುಂದೆ ಇರುವ ‘ಮುಂದೆ ಶಾಲೆ ಇದೆ’ ತ್ರಿಕೋನ ಫಲಕವು ಮರದ ಕೊಂಬೆಯ ಹಿಂದೆ ಪೂರ್ತಿ ಮುಚ್ಚಿದೆ. ಗೇಟಿನ ಮುಂದಿನ ಜೀಬ್ರಾ ಪಟ್ಟಿಯ ಬಣ್ಣವೂ ಅಳಿಸಿದೆ. ಬೆಳಿಗ್ಗೆ 8.30ರಿಂದ 9.30ರವರೆಗೆ ಮತ್ತು ಸಂಜೆ 3.30ರಿಂದ 4.30ರವರೆಗೆ ಮಕ್ಕಳು ಇಲ್ಲಿ ದಾಟುತ್ತಾರೆ. ಬರುವ ವಾಹನಗಳಿಗೆ ಗೇಟಿನ ಹತ್ತಿರ ತಲುಪುವವರೆಗೆ ಶಾಲೆ ಇರುವುದು ತಿಳಿಯುವುದಿಲ್ಲ. ಕೊಂಬೆ ತೆಗೆಸಿ, ಪಟ್ಟಿಗೆ ಮತ್ತೆ ಬಣ್ಣ ಹಾಕಿಸಬೇಕಾಗಿ ಕೋರುತ್ತೇವೆ. ಫೋಟೋ 3, ಸ್ಥಳದ ಅಕ್ಷಾಂಶ ರೇಖಾಂಶ ಲಗತ್ತಿಸಿದೆ.

ಪ್ರತಿ: ಠಾಣಾಧಿಕಾರಿಗಳು, ಸಂಬಂಧಪಟ್ಟ ಸಂಚಾರ ಪೊಲೀಸ್ ಠಾಣೆ.

ಕೆಳಗೆ ಹೆಸರು, ವಿಳಾಸ, ಫೋನ್ ನಂಬರ್, ಸಹಿ. ಫೋನ್ ನಂಬರ್ ಬರೆಯದ ಅರ್ಜಿ ಬೇಡ, ಜಾಗ ಗೊತ್ತಾಗದಿದ್ದರೆ ಇಂಜಿನಿಯರ್ ಕರೆ ಮಾಡುವುದು ಯಾರಿಗೆ? ಸಹಿ ಸಂಗ್ರಹ ಮಾಡುವುದು ಒಳ್ಳೆಯದೇ. ಆದರೆ ಶಾಲೆಯ ಲೆಟರ್‌ಹೆಡ್ಡಿನಲ್ಲಿ ಮುಖ್ಯಶಿಕ್ಷಕರ ಒಂದು ಪತ್ರ ಇದ್ದರೆ ಉದ್ದದ ಸಹಿ ಪಟ್ಟಿಗಿಂತ ಜಾಸ್ತಿ ಕೆಲಸ ಮಾಡುತ್ತದೆ ಅಂತ ನನ್ನ ಅನಿಸಿಕೆ.

ಕಾರ್ಪೊರೇಟರ್ ಇದ್ದರೆ ಅವರಿಗೂ ಒಂದು ಪ್ರತಿ ಕೊಡಿ. ಕೌನ್ಸಿಲ್ ಇಲ್ಲದೆ ಆಡಳಿತಾಧಿಕಾರಿ ಇರುವ ಕಾಲದಲ್ಲಿ ಆಯುಕ್ತರ ಹೆಸರಿನ ಅರ್ಜಿಯೇ ಗತಿ. ಸುರತ್ಕಲ್ ಕಡೆಯವರು ಲಾಲ್‌ಬಾಗಿಗೆ ಬರಬೇಕಾಗಿಲ್ಲ, ಅಲ್ಲೇ ಪಾಲಿಕೆಯ ವಲಯ ಕಚೇರಿ ಉಂಟು.

ಕೊಟ್ಟ ಮೇಲೆ

ಟಪಾಲು ವಿಭಾಗದಲ್ಲಿ ಕೊಡಿ, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. “ಸಾಹೇಬರಿಗೆ ಕೈಯಲ್ಲೇ ಕೊಟ್ಟೆ, ನಗುತ್ತಾ ತೆಗೆದುಕೊಂಡರು” ಅನ್ನುವವರ ಅರ್ಜಿ ಆಮೇಲೆ ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ಮನೆಯಿಂದಲೇ ಮಾಡುವುದಾದರೆ ರಾಜ್ಯ ಸರ್ಕಾರದ ಜನಸ್ಪಂದನಕ್ಕೆ 1902ರಲ್ಲಿ ದೂರು ಬರೆಸಬಹುದು. ನಗರಾಡಳಿತದ ‘ಜನಹಿತ’ ಆ್ಯಪ್ ಕೂಡ ಉಂಟು. ಬೀದಿದೀಪ, ಗುಂಡಿಯಂಥದ್ದಕ್ಕೆ ಫೋನು, ಆ್ಯಪ್ ಚೆನ್ನ. ಆದರೆ ಹೊಸ ಬೋರ್ಡ್, ಎಸ್ಟಿಮೇಟ್ ಆಗಬೇಕಾದ ಕೆಲಸಕ್ಕೆ ಕಾಗದವೇ ವಾಸಿ. ಆ್ಯಪಿನಲ್ಲಿ ‘ಪರಿಹರಿಸಲಾಗಿದೆ’ ಅಂತ ಒಂದು ಗುಂಡಿ ಒತ್ತಿದರೆ ಮುಗಿಯಿತು.

ಸ್ವಲ್ಪ ಸಮಯ ಕೊಟ್ಟು ಇನ್‌ವರ್ಡ್ ನಂಬರ್ ಹಿಡಿದು ಹೋಗಿ, ಅರ್ಜಿ ಈಗ ಯಾರ ಮೇಜಿನಲ್ಲಿದೆ ಅಂತ ಮಾತ್ರ ಕೇಳಿ. ಜಗಳ ಬೇಡ. ಮೇಜು ಗೊತ್ತಾದರೆ ಅರ್ಧ ದಾರಿ ಮುಗಿದ ಹಾಗೆ.

ಏನೂ ಆಗದಿದ್ದರೆ ಮಾಹಿತಿ ಹಕ್ಕು. 2005ರ ಕಾಯ್ದೆ, ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. “ಯಾಕೆ ಮಾಡಲಿಲ್ಲ?” ಅಂತ ಕೇಳಬೇಡಿ, ಯಾಕೆ ಅನ್ನುವುದಕ್ಕೆ ದಾಖಲೆ ಇರುವುದಿಲ್ಲ. “ಇಂಥ ತಾರೀಕಿನ, ಇಂಥ ನಂಬರಿನ ನನ್ನ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿ ಕೊಡಿ” ಅಂತ ಕೇಳಿ. ಎಷ್ಟೋ ಸಲ ಉತ್ತರ ಬರುವ ಮೊದಲೇ ಇಂಜಿನಿಯರ್ ಜಾಗ ನೋಡಲು ಬರುತ್ತಾರೆ. ಇದಕ್ಕಿಂತ ಮೇಲೆ ಹೋಗಬೇಕಾದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಉಂಟು. ಪಾಲಿಕೆ, ಪೊಲೀಸ್, ಹೆದ್ದಾರಿಯವರು ಒಂದೇ ಕೋಣೆಯಲ್ಲಿ ಕೂರುವುದು ಅಲ್ಲಿ. ಇಬ್ಬರು ಮೂವರ ನಡುವೆ ಸಿಕ್ಕಿಬಿದ್ದ ಜಾಗಕ್ಕೆ ಅದೇ ಸರಿ.

ಸೆಕ್ಷನ್ ಬರೆಯಬೇಕಾ ಅಂತ ಕೆಲವರು ಕೇಳುತ್ತಾರೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಸೇರಿತು. ರಸ್ತೆಯ ವಿನ್ಯಾಸ, ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ, ಹೊಣೆ ಹೊತ್ತ ಇಲಾಖೆ ಅಥವಾ ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ. ಮೊದಲ ಅರ್ಜಿಯಲ್ಲಿ ಇದನ್ನು ಬರೆಯಬೇಡಿ, ವಾಗ್ವಾದಕ್ಕೆ ಬಂದವರ ಹಾಗೆ ಕಾಣುತ್ತದೆ. ಎರಡನೆಯದರಲ್ಲಿ ಒಂದು ಸಾಲು ಇರಲಿ.

ಮಳೆ ಲೆಕ್ಕ

ರಸ್ತೆಗೆ ಹೊಡೆಯುವ ದಪ್ಪ ಬಣ್ಣವನ್ನು ಕರಗಿಸಿ ಬಿಸಿಬಿಸಿ ಹಾಕುತ್ತಾರೆ, ರಾತ್ರಿ ಹೊಳೆಯಲು ಗಾಜಿನ ಸಣ್ಣ ಮಣಿ ಉದುರಿಸುತ್ತಾರೆ. ಒದ್ದೆ ರಸ್ತೆಗೆ ಅದು ಹಿಡಿಯುವುದಿಲ್ಲ. ಜೂನ್‌ನಲ್ಲಿ ಜೀಬ್ರಾ ಪಟ್ಟಿ ಕೇಳಿದರೆ ಮಳೆಗಾಲ ಮುಗಿಯುವ ತನಕ ಯಾರೂ ಏನೂ ಮಾಡಲಾರರು. ಬಣ್ಣದ ಅರ್ಜಿಯನ್ನು ಆಗಸ್ಟ್‌ನಲ್ಲಿ ಕೊಡಿ, ಎಸ್ಟಿಮೇಟ್ ಆಗುವಷ್ಟರಲ್ಲಿ ಮಳೆ ಬಿಟ್ಟಿರುತ್ತದೆ. ಕೊಂಬೆ, ಚರಂಡಿ ಸ್ಲ್ಯಾಬಿನದ್ದು ಏಪ್ರಿಲ್‌ಗೇ ಕೊಡಿ. ಮಳೆ ಮುಗಿದ ಮೇಲೆ ಬೋರ್ಡ್‌ಗಳ ಮೇಲೆ ಹಸಿರು ಪಾಚಿ ಹಿಡಿದಿರುತ್ತದೆ. ಅದಕ್ಕೆ ಹೊಸ ಬೋರ್ಡ್ ಬೇಡ, ತೊಳೆದರೆ ಸಾಕು. ಹಾಗೆ ಕೇಳಿದರೆ ಬೇಗ ಆಗುತ್ತದೆ.

ಕೆಲಸ ಆದ ಮೇಲೆ ಒಮ್ಮೆ ಹೋಗಿ ನೋಡಿ. ಬೋರ್ಡಿನ ಮುಖ ಬರುವ ಗಾಡಿಯ ಕಡೆಗೆ ಇದೆಯಾ, ಪಕ್ಕದ ಕಂಪೌಂಡಿನ ಕಡೆಗಾ? ನಾಲ್ಕು ದಿನದಲ್ಲಿ ಕಂಬ ವಾಲಿದ್ದರೆ, ಬಣ್ಣ ಎದ್ದಿದ್ದರೆ ಹೊಸ ಅರ್ಜಿ ಬೇಡ. ಹಳೆಯ ಇನ್‌ವರ್ಡ್ ನಂಬರ್ ಹಾಕಿ ಎರಡು ಸಾಲು ಬರೆದು ಫೋಟೋ ಜೊತೆ ಕೊಡಿ. ಗುತ್ತಿಗೆದಾರ ತನ್ನ ಖರ್ಚಿನಲ್ಲೇ ಸರಿಮಾಡಬೇಕಾದ ಅವಧಿ ಅಂತ ಒಂದು ಇರುತ್ತದೆ. ಸರಿ ಆಗಿದ್ದರೆ ಜೂನಿಯರ್ ಇಂಜಿನಿಯರಿಗೆ ಒಂದು ವಾಟ್ಸಾಪ್, ಫೋಟೋ ಸಮೇತ. ಮುಂದಿನ ಸಲ ನಿಮ್ಮ ಫೋನ್ ಎತ್ತುತ್ತಾರೆ.